ಒಂದಕ್ಷರದ ಹೊಣೆ

ಮನೆಗೆ ಹೊಸ ವಾಹನ ಬರುವುದು ಸಂತಸದ ಸಂಗತಿ. ಹೂಮಾಲೆ ಹಾಕಿ ಆರತಿ ಬೆಳಗುತ್ತೇವೆ, ನೆರೆಹೊರೆಯವರಿಗೆ ಪೇಢೆ ಹಂಚುತ್ತೇವೆ. ಆದರೆ ವಾಹನದೊಡನೆ ಬರುವ ಕಾಗದಪತ್ರಗಳನ್ನು ಬಿಚ್ಚಿ ನೋಡುವವರು ವಿರಳ. ಆ ಕಡತ ನೇರವಾಗಿ ಕಪಾಟನ್ನು ಸೇರುತ್ತದೆ. ಮತ್ತೆ ಹೊರಬರುವುದು ಏನಾದರೊಂದು ಅವಘಡ ಸಂಭವಿಸಿದಾಗಲೇ. ಈ ಅನಾದರದಿಂದ ಗೃಹಸ್ಥರಿಗೆ ಒದಗುವ ತೊಡಕನ್ನು ಈಚೆಗೆ ನಾವು ಹತ್ತಿರದಿಂದ ಕಂಡೆವು. ಓದುಗ ಬಂಧುಗಳಿಗೆ ಪ್ರಯೋಜನವಾದೀತೆಂಬ ಭಾವನೆಯಿಂದ ಅದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ಅಣ್ಣನವರ ಮಗ ಪ್ರಾಥಮಿಕ ಶಾಲೆಯ ಶಿಕ್ಷಕ. ಅವನ ತಾಯಿಗೆ, ಎಂದರೆ ನಮ್ಮ ಅತ್ತಿಗೆಯವರಿಗೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಆಸ್ಪತ್ರೆ ಊರಿನಿಂದ ನಲವತ್ತು ಕಿಲೋಮೀಟರು ದೂರ. ಚಿಕಿತ್ಸೆ ಮುಗಿಸಿಕೊಂಡು ಬಸ್ಸಿನಲ್ಲಿ ಮರಳುವಾಗ ಅವರು ಪಡುವ ಬಳಲಿಕೆಯನ್ನು ನೋಡಲಾರದೆ, ಹಲವು ವರ್ಷಗಳ ಉಳಿತಾಯದಿಂದ ಅವನು ಸಣ್ಣದೊಂದು ಕಾರನ್ನು ಕೊಂಡನು. ಎರಡು ವಾರಗಳ ಮೇಲೆ ನೋಂದಣಿ ಕಾರ್ಡು ಅಂಚೆಯಲ್ಲಿ ಬಂದಿತು. “ಕಾಕಾ, ನೀವೊಮ್ಮೆ ಕಣ್ಣಾಡಿಸ್ರಿ” ಎಂದು ಕಡತವನ್ನು ನಮ್ಮ ಮುಂದಿಟ್ಟನು.

ಮಠದ ಪಾಠಶಾಲೆಯಲ್ಲಿ ನಾವು ಓಲೆಗರಿಗಳ ಪ್ರತಿಯೆತ್ತಲು ಕಲಿತವರು. ಲಿಪಿಕಾರನ ಕೈತಪ್ಪನ್ನು ಹಿಡಿಯಲು ಗುರುಗಳು ಒಂದು ಕ್ರಮವನ್ನು ಹೇಳಿಕೊಟ್ಟಿದ್ದರು: ಒಬ್ಬನು ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬನು ಮೂಲದ ಮೇಲೆ ಬೆರಳಿಟ್ಟು ಹೋಗಬೇಕು. ಒಬ್ಬನೇ ಓದಿದರೆ ಕಣ್ಣು ತಾನು ನಿರೀಕ್ಷಿಸಿದುದನ್ನೇ ಕಾಣುತ್ತದೆ. ಅದೇ ಕ್ರಮದಲ್ಲಿ ನಾವಿಬ್ಬರೂ ಕುಳಿತೆವು. ಅವನು ಓದಿದನು, ನಾವು ಬೆರಳಿಟ್ಟೆವು. ನೋಂದಣಿ ಕಾರ್ಡಿನಲ್ಲಿ ಅವನ ಹೆಸರಿನ ಕೊನೆಯ ಆಂಗ್ಲಾಕ್ಷರ ಆಧಾರ್ ಪತ್ರದಲ್ಲಿದ್ದಂತೆ ಇರಲಿಲ್ಲ. ತಂದೆಯ ಹೆಸರಿನ ಸ್ಥಳದಲ್ಲಿ ಅಜ್ಜನ ಹೆಸರಿತ್ತು. ವಿಮಾ ಪತ್ರದಲ್ಲಿಯಂತೂ ಚಾಸಿಸ್ ಸಂಖ್ಯೆಯ ಎರಡು ಅಂಕಿಗಳು ಹಿಂದುಮುಂದಾಗಿದ್ದವು.

ಹೆಸರಿನ ತೊಡಕು ನಮ್ಮವರಿಗೆ ಹೊಸದಲ್ಲ. ‘ಸ್ವಾಮಿ’ ಎಂಬುದನ್ನು ಕನ್ನಡದಲ್ಲಿ ಒಂದೇ ಬಗೆಯಾಗಿ ಬರೆಯುತ್ತೇವೆ. ಆಂಗ್ಲ ಲಿಪಿಗೆ ಹೋದೊಡನೆ ಅದರ ಕೊನೆಗೆ ಐ ಬರಬಹುದು, ವೈ ಬರಬಹುದು. ‘ಅಯ್ಯ’, ‘ಮಠ’ ಎಂಬ ಪದಗಳ ಗತಿಯೂ ಅದೇ. ಗಣಕಯಂತ್ರಕ್ಕೆ ಅವು ಬೇರೆ ಬೇರೆ ವ್ಯಕ್ತಿಗಳ ಹೆಸರುಗಳು. ಚಾಸಿಸ್ ಸಂಖ್ಯೆಯನ್ನು ಗೊತ್ತುಪಡಿಸಿದವರಾದರೋ ಇಂಥ ಗೊಂದಲವನ್ನು ಮೊದಲೇ ಊಹಿಸಿದ್ದಾರೆ. ಅದರಲ್ಲಿ ಅಕ್ಷರ, ಅಂಕಿಗಳು ಸೇರಿ 17 ಇರುತ್ತವೆ. ಒಂದು ಮತ್ತು ಸೊನ್ನೆಗಳೊಡನೆ ಬೆರೆತು ಹೋಗದಿರಲೆಂದು ಆಂಗ್ಲದ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಆದರೂ ಬೆರಳಚ್ಚಿನ ಅವಸರವನ್ನು ಯಾವ ನಿಯಮ ತಡೆದೀತು?

1988ರ ಮೋಟಾರು ವಾಹನ ಕಾಯಿದೆಯಂತೆ ನೋಂದಣಿಯಿಲ್ಲದೆ ವಾಹನವನ್ನು ರಸ್ತೆಗಿಳಿಸುವಂತಿಲ್ಲ. ಹಿಂದೆ ಮಾಲೀಕನೇ ವಾಹನವನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಬೇಕಾಗಿತ್ತು. 2019ರ ತಿದ್ದುಪಡಿಯ ತರುವಾಯ ಅದೇ ರಾಜ್ಯದಲ್ಲಿ ನೋಂದಣಿಯಾಗುವ ಹೊಸ ವಾಹನಕ್ಕೆ ಮಾರಾಟಗಾರರೇ ಅರ್ಜಿ ಸಲ್ಲಿಸುತ್ತಾರೆ. ಇದರಿಂದ ಅಲೆದಾಟ ತಪ್ಪಿತು, ನಿಜ. ಆದರೆ ಅರ್ಜಿಯಲ್ಲಿ ಏನು ಬರೆದಿದೆಯೆಂಬುದು ಮಾಲೀಕನ ಕಣ್ಣಿನಿಂದಲೂ ದೂರವಾಯಿತು. ತೋರಿಸಿದಲ್ಲಿ ರುಜು ಹಾಕಿ ಬರುವುದೇ ರೂಢಿಯಾಯಿತು.

ನಾವು ಮಾರಾಟ ಮಳಿಗೆಗೆ ಹೋದೆವು. ಅಲ್ಲಿಯ ಗುಮಾಸ್ತ ಇನ್ನೂ ಎಳೆಯ ಹುಡುಗ. “ಅಜ್ಜಾರ, ಒಂದೆರಡು ಅಂಕಿ ಹೆಚ್ಚುಕಡಿಮಿ ಆದ್ರ ಏನಾಗೂದಿಲ್ರಿ. ಯಾರ್ ನೋಡ್ತಾರ?” ಎಂದನು. ಹೊರಗೆ ನಿಂತಿದ್ದ ದಲ್ಲಾಳಿಯೊಬ್ಬನು ಎರಡು ಸಾವಿರ ಕೊಟ್ಟರೆ ಎಲ್ಲವನ್ನೂ ಸರಿಪಡಿಸುವೆನೆಂದನು. ನಾವು ಎರಡನ್ನೂ ಒಪ್ಪಲಿಲ್ಲ. ಯಾರೂ ನೋಡದಿರುವವರೆಗೆ ಮಾತ್ರ ಏನೂ ಆಗುವುದಿಲ್ಲ. ನಾಳೆ ಈ ಕಾರು ದಾರಿಹೋಕನಿಗೆ ತಗುಲಿದರೆ ಪರಿಹಾರ ಸಿಗಬೇಕಾದುದು ವಿಮೆಯಿಂದ. ವಾಹನದ ಗುರುತೇ ತಾಳೆಯಾಗದಿದ್ದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ಎಡೆ ದೊರೆಯುತ್ತದೆ. ಆಗ ಅಲೆಯುವವನು ನಮ್ಮ ಹುಡುಗನಷ್ಟೇ ಅಲ್ಲ, ಕಾಲು ಮುರಿದುಕೊಂಡ ಆ ಬಡವನೂ ಸಹ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರನೆಯ ವ್ಯಕ್ತಿಯ ವಿಮೆಯನ್ನು ಮೂರು ವರ್ಷಗಳಿಗೆ ಒಮ್ಮೆಗೇ ಮಾಡಿಸಬೇಕಾಗಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ತಪ್ಪು ಉಳಿದರೆ ಅದೂ ಅಷ್ಟು ಕಾಲ ಉಳಿದೀತು.

ವ್ಯವಸ್ಥಾಪಕರು ವಿಷಯವನ್ನು ತಿಳಿದೊಡನೆ ಆ ಹುಡುಗನನ್ನು ಕರೆಸಿ, ನಮ್ಮೆದುರಿಗೇ ಬೈದು, ಸಂಬಳ ಕತ್ತರಿಸುವ ಮಾತನ್ನಾಡಿದರು. ಅವನ ಮುಖ ಬಾಡಿತು. ದಿನಕ್ಕೆ ಇಪ್ಪತ್ತು ಕಡತಗಳನ್ನು ಅವನೊಬ್ಬನೇ ಬೆರಳಚ್ಚು ಮಾಡುತ್ತಾನೆಂದು ಆಗ ತಿಳಿಯಿತು. “ಈತನನ್ನು ಬೈದರೆ ನಮ್ಮ ಅಂಕಿ ಸರಿಹೋಗುವುದಿಲ್ಲ. ತಿದ್ದುಪಡಿಯ ಪತ್ರವನ್ನು ಬರೆದು ಕೊಡಿರಿ, ಇನ್ನು ಮುಂದೆ ಕಳುಹಿಸುವ ಮೊದಲು ಗಿರಾಕಿಗೆ ಒಮ್ಮೆ ಓದಿ ಹೇಳುವ ಪದ್ಧತಿ ಇಡಿರಿ” ಎಂದೆವು. ಅವರು ಒಪ್ಪಿದರು. ಮಾರಾಟ ಪತ್ರ, ಬಿಲ್ಲು, ಆಧಾರ್ ಪ್ರತಿಗಳೊಡನೆ ಸಾರಿಗೆ ಕಚೇರಿಗೆ ಮನವಿ ಹೋಯಿತು. ವಿಮಾ ಕಂಪನಿಗೂ ಪತ್ರ ಹೋಯಿತು.

ವಿಮೆಯ ತಿದ್ದುಪಡಿ ಬರಲು ಒಂಬತ್ತು ದಿನ ಹಿಡಿಯಿತು. ಅಲ್ಲಿಯವರೆಗೆ ಕಾರು ಅಂಗಳದಲ್ಲಿಯೇ ನಿಂತಿತು. ಅತ್ತಿಗೆಯವರು ಮೂರು ಸಲ ಬಸ್ಸಿನಲ್ಲಿಯೇ ಆಸ್ಪತ್ರೆಗೆ ಹೋಗಿಬಂದರು. ಮಗ ತಳಮಳಿಸಿ ಕೀಲಿಕೈ ಹಿಡಿದಾಗ ಅವರೇ ತಡೆದರು: “ಇಷ್ಟು ದಿನ ಬಸ್ಸಿನ್ಯಾಗ ಹೋದಾಕಿ ನಾನು. ನನ್ನ ಸಲುವಾಗಿ ಇನ್ನೊಬ್ಬರ ಮನಿ ಹಾಳಾಗೂದು ಬ್ಯಾಡಪಾ.” ಓದುಬರಹ ಅಷ್ಟಾಗಿ ಬಾರದ ಆ ತಾಯಿ ಕಾಯಿದೆಯ ತಿರುಳನ್ನು ನಮಗಿಂತ ಚೆನ್ನಾಗಿ ಹೇಳಿದರು. ತಿದ್ದಿದ ನೋಂದಣಿ ಕಾರ್ಡು ಬಂದುದು ಒಂದು ತಿಂಗಳ ಮೇಲೆ.

ವಾಹನ ಕೊಳ್ಳುವ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಅರ್ಜಿಗೆ ರುಜು ಹಾಕುವ ಮುನ್ನ ಪೂರ್ತಿ ಓದಿರಿ. ಹೆಸರು ಆಧಾರ್ ಪತ್ರದಲ್ಲಿದ್ದಂತೆಯೇ ಇರಲಿ. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲೆಯೇ ನೋಡಿ, ಬಿಲ್ಲು, ಮಾರಾಟ ಪತ್ರ, ವಿಮೆ, ನೋಂದಣಿ ಈ ನಾಲ್ಕರೊಡನೆ ತಾಳೆ ಮಾಡಿರಿ. ಸಾಲವಿಲ್ಲದೆ ಕೊಂಡಿದ್ದರೆ ಬ್ಯಾಂಕಿನ ಹೆಸರು ದಾಖಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಿರಿ. ತಪ್ಪು ಕಂಡರೆ ಬಾಯಿಮಾತಿಗಿಂತ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಂದ ಗಟ್ಟಿಯಾಗಿ ಓದಿಸಿ, ಹಿರಿಯರು ಬೆರಳಿಟ್ಟು ನೋಡಿರಿ. ಅರ್ಧ ಗಂಟೆಯ ಕೆಲಸವಿದು. ಆ ಅರ್ಧ ಗಂಟೆಯಿಂದ ನಮ್ಮ ಮನೆ ನೆಮ್ಮದಿಯಾಗಿರುತ್ತದೆ. ದಾರಿಯಲ್ಲಿ ನಡೆಯುವ ಅಪರಿಚಿತನ ಮನೆಯೂ ನೆಮ್ಮದಿಯಾಗಿರುತ್ತದೆ.