ಕ್ಲಿಪ್ಪು ಹಾಕ್ಸಿದ ಮೇಲೆ ಕೇಳೋಕೆ ಹೆದರಬೇಡಿ



ಇವತ್ತಿನ ಪೋಸ್ಟು ಹಲ್ಲಿನ ಕ್ಲಿಪ್ಪಿನ ಬಗ್ಗೆ. ಉದ್ದ ಇದೆ. "ಭೂಮಿ, ಮೀಸಲಾತಿ ಅಂತ ಬರೀತಿದ್ದೋಳು ಇದೇನಕ್ಕ ಹಲ್ಲಿಗೆ ಬಂದೆ" ಅಂತ ಕೇಳೋರು ಕೇಳಿ, ಆದ್ರೆ ಪೂರ್ತಿ ಓದಿ ಆಮೇಲೆ ಕೇಳಿ.

ನಮ್ಮ ಕೇರಿಯಲ್ಲಿ ಒಬ್ಬ ಹುಡುಗ ಇದಾನೆ. ಎಸ್ಸೆಸ್ಸೆಲ್ಸಿ. ಮೇಲಿನ ಹಲ್ಲು ಮುಂದಕ್ಕೆ ಬಂದಿದ್ವು, ಸ್ಕೂಲಲ್ಲಿ ಎಲ್ಲರೂ ಆಡ್ಕೊಳ್ತಿದ್ರು. ಅವರಪ್ಪ ಬಾರ್ ಬೆಂಡಿಂಗ್ ಕೆಲಸದೋನು. ಕಂತು ಕಂತಲ್ಲಿ 14 ಸಾವಿರ ಕಟ್ಟಿ ಮಗನಿಗೆ ಕ್ಲಿಪ್ಪು ಹಾಕ್ಸಿದ್ದ. ಆರನೇ ತಿಂಗಳಲ್ಲಿ ದವಡೆ ಹಲ್ಲಿನ ಹಿಂದೆ ತಂತಿ ತುದಿ ಆಚೆ ಬಂದು ಕೆನ್ನೆ ಒಳಗೆ ಚುಚ್ಚೋಕೆ ಶುರುವಾಯ್ತು. ಐದು ದಿನ ಹುಡುಗ ಸರಿಯಾಗಿ ಊಟ ಮಾಡಲಿಲ್ಲ, ಒಳಗೆಲ್ಲ ಹುಣ್ಣು. ಆರನೇ ದಿನ ರಾತ್ರಿ ಅಪ್ಪ ತನ್ನ ಕೆಲಸದ ಕಟಿಂಗ್ ಪ್ಲೇಯರ್ ತಂದು ತಂತಿ ಕತ್ತರಿಸಿ, ಒಂದೊಂದೇ ಬ್ರಾಕೆಟ್ ಕಿತ್ತು ಹಾಕಿದ. ಎರಡು ಹಲ್ಲಿನ ಮೇಲ್ಪದರ ಚೆಕ್ಕೆ ಎದ್ದಿದೆ. ಕಟ್ಟಿದ ದುಡ್ಡೂ ಹೋಯ್ತು.

"ಕಾರ್ಡಲ್ಲಿ ಫೋನ್ ನಂಬರ್ ಇತ್ತಲ್ಲಣ್ಣ, ಒಂದು ಫೋನ್ ಮಾಡೋದಲ್ವಾ" ಅಂದೆ. ಅವನು ಹೇಳಿದ್ದು ಇಷ್ಟು: "ಆ ತಿಂಗಳು ಕಂತು ಕಟ್ಟಿರಲಿಲ್ಲ ಕಣಕ್ಕ. ಡಾಕ್ಟ್ರು ಬೈತಾರೆ ಅಂತ ಸುಮ್ನಾದೆ."

ಈ ಮಾತಿಗೇ ನಾನು ಈ ಪೋಸ್ಟು ಬರೀತಿರೋದು. ನಮ್ಮೋರು ಆಸ್ಪತ್ರೆಗೆ ಹೋದ್ರೆ ಬಾಯಿ ತೆಗೆದು ತೋರಿಸ್ತಾರೆ, ಬಾಯಿ ತೆಗೆದು ಕೇಳಲ್ಲ. ತಲೆಮಾರುಗಳಿಂದ ಕೌಂಟರಿನ ಈಚೆ ಕಡೆ ಕೈಕಟ್ಟಿ ನಿಂತ ಅಭ್ಯಾಸ ಅದು. ನಾನೂ ಕಚೇರಿಯಲ್ಲಿ ಗುಮಾಸ್ತೆ. ಅರ್ಜಿ ತಂದೋರು "ಮೇಡಂ, ತಪ್ಪು ತಿಳ್ಕೋಬೇಡಿ" ಅಂತ ಶುರು ಮಾಡೋದನ್ನ ದಿನಾ ಕೇಳ್ತೀನಿ. ಅವರ ಹಕ್ಕಿನ ಕಾಗದ ಕೇಳೋಕೂ ಕ್ಷಮೆ ಕೇಳ್ತಾರೆ.

ನನ್ನ ಮಗಳಿಗೆ ಕ್ಲಿಪ್ಪು ಹಾಕ್ಸಿ, ತೆಗೆಸಿ, ಈಗ ರಿಟೇನರ್ ಹಾಕ್ಕೊಳ್ತಿದಾಳೆ. ಹಾಕ್ಸೋವಾಗ ನನ್ನ ಪಕ್ಕದ ಸೀಟಿನೋರು "ಓ, ಈಗ ನಿಮ್ಮ ಕಡೆಯೋರೂ ಇದೆಲ್ಲ ಮಾಡಿಸ್ತೀರಾ" ಅಂದ್ರು. ನಗ್ತಾನೇ ಅಂದ್ರು. ನಮ್ಮ ಅವ್ವನ ಕಾಲದಲ್ಲಿ ಹಲ್ಲಿನ ಡಾಕ್ಟ್ರು ಅಂದ್ರೆ ಹಲ್ಲು ಕೀಳೋರು ಅಷ್ಟೇ. ನೋವಾಯ್ತಾ, ಕೀಳ್ಸು. ಹಲ್ಲು ನೆಟ್ಟಗೆ ಮಾಡಿಸೋದು ಚಂದಕ್ಕೆ ಮಾತ್ರ ಅಂತ ಎಷ್ಟೋ ಜನ ತಿಳ್ಕೊಂಡಿದಾರೆ. ಚಂದಕ್ಕೂ ಮಾಡಿಸ್ಲಿ ಬಿಡಿ, ನಮ್ಮ ಮಕ್ಕಳು ಚಂದ ಕಾಣಬಾರದು ಅಂತ ಯಾವ ಕಾನೂನಿದೆ? ಆದ್ರೆ ಒಂದರ ಮೇಲೊಂದು ಹತ್ತಿದ ಹಲ್ಲಿನ ಸಂದಿಗೆ ಬ್ರಷ್ ಹೋಗಲ್ಲ, ಹುಳುಕು ಹಿಡಿಯುತ್ತೆ. ಮುಂದಕ್ಕೆ ಚಾಚಿದ ಹಲ್ಲು ಬಿದ್ದಾಗ ಮೊದಲು ಮುರಿಯುತ್ತೆ.

ನಮ್ಮದು ಪಾವಗಡ ಕಡೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ. ದವಡೆ ಒಳಗೆ ಹಲ್ಲು ರೂಪುಗೊಳ್ಳೋ ವಯಸ್ಸಲ್ಲಿ, ಅಂದ್ರೆ ಸುಮಾರು ಎಂಟು ವರ್ಷದೊಳಗೆ, ಜಾಸ್ತಿ ಫ್ಲೋರೈಡ್ ಒಳಗೆ ಹೋದ್ರೆ ಹಲ್ಲಿನ ಮೇಲೆ ಬಿಳಿ, ಕಂದು ಮಚ್ಚೆ ಬೀಳುತ್ತೆ. ಇದಕ್ಕೂ ಕ್ಲಿಪ್ಪಿಗೂ ಸಂಬಂಧ ಇದೆ. ಇಂಥ ಹಲ್ಲಿನ ಮೇಲೆ ಬ್ರಾಕೆಟ್ ಗಟ್ಟಿಯಾಗಿ ಅಂಟಲ್ಲ, ಪದೇ ಪದೇ ಬಿಚ್ಕೊಳ್ಳುತ್ತೆ. ಹಾಗಾದಾಗ "ನೀನೇ ಏನೋ ಕಡಿದಿದೀಯ" ಅಂತ ಮಗೂನ ಬೈಯೋ ಮೊದಲು ನೀರಿನ ವಿಷಯ ಡಾಕ್ಟ್ರಿಗೆ ಹೇಳಿ. ಅಂಟಿಸೋ ಮುಂಚೆ ಹಲ್ಲನ್ನ ತಯಾರು ಮಾಡೋ ರೀತಿ ಅವರು ಬದಲಾಯಿಸಬಹುದು.

ಖಾಸಗಿ ಕ್ಲಿನಿಕ್ಕಲ್ಲಿ ನನಗೆ ಹೇಳಿದ್ದು 45 ಸಾವಿರ. ನಾನು ಬೆಂಗಳೂರಿನ ಒಂದು ದಂತ ಕಾಲೇಜಿಗೆ ಕರ್ಕೊಂಡು ಹೋದೆ. ದಂತ ಕಾಲೇಜುಗಳಲ್ಲಿ ಪಿಜಿ ಓದೋ ಡಾಕ್ಟ್ರುಗಳು ಪ್ರೊಫೆಸರ್ ಕಣ್ಣೆದುರಿಗೇ ಮಾಡ್ತಾರೆ, ಖರ್ಚು ಕಡಿಮೆ. ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ರ ಸರ್ಕಾರಿ ದಂತ ಕಾಲೇಜೇ ಇದೆ. ಕಷ್ಟ ಏನಂದ್ರೆ ನಾಲ್ಕರಿಂದ ಆರು ವಾರಕ್ಕೊಂದ್ಸಲ ಹೋಗ್ಬೇಕು, ಒಂದೂವರೆ ಎರಡು ವರ್ಷ. ಬಸ್ ಚಾರ್ಜು, ಅವತ್ತಿನ ಕೂಲಿ ಎಲ್ಲ ಲೆಕ್ಕ ಹಾಕ್ಕೊಂಡೇ ಶುರು ಮಾಡಿ. ಅರ್ಧಕ್ಕೆ ಬಿಟ್ರೆ ಬ್ರಾಕೆಟ್ ಸುತ್ತ ಕೊಳೆ ಕೂತು ಹಲ್ಲು ಮೊದಲಿಗಿಂತ ಹಾಳಾಗುತ್ತೆ. ಮುಂದುವರಿಸೋಕೆ ಆಗಲ್ಲ ಅಂತಾದ್ರೆ ಹೋಗಿ ಹೇಳಿ, ಅವರೇ ಸರಿಯಾಗಿ ತೆಗೀತಾರೆ. ಪ್ಲೇಯರ್ ಮುಟ್ಟಬೇಡಿ.

ಈಗ ಚುಚ್ಚೋ ತಂತಿ ವಿಷಯ. ಅತಿ ಹೆಚ್ಚು ಕಾಟ ಕೊಡೋದು ಇದೇ. ಹಲ್ಲು ಜರುಗಿದಂಗೆ ತಂತಿಯ ತುದಿ ಹಿಂದಕ್ಕೆ ಉಳ್ಕೊಂಡು ಆಚೆ ಬರುತ್ತೆ. ಅಂದ್ರೆ ಚಿಕಿತ್ಸೆ ಕೆಲಸ ಮಾಡ್ತಿದೆ ಅಂತಲೂ ಅರ್ಥ. ಮೆಡಿಕಲ್ ಸ್ಟೋರಲ್ಲಿ ಆರ್ಥೋಡಾಂಟಿಕ್ ವ್ಯಾಕ್ಸ್ ಅಂತ ಕೇಳಿ, ಚಿಕ್ಕ ಡಬ್ಬಿಯಲ್ಲಿ ಮೇಣದ ಕಡ್ಡಿಗಳು ಬರ್ತವೆ. ನಮ್ಮೂರಲ್ಲಿ ಸಿಗಲ್ಲ, ಕ್ಲಿನಿಕ್ಕಲ್ಲೇ ಇಸ್ಕೊಂಡು ಬನ್ನಿ. ಮೊದಲು ಆ ಜಾಗ ಹತ್ತಿಯಿಂದ ಒರೆಸಿ ಒಣಗಿಸಿ. ಒದ್ದೆ ಇದ್ರೆ ಮೇಣ ನಿಲ್ಲಲ್ಲ. ಬಟಾಣಿ ಗಾತ್ರ ಮೇಣ ಬೆರಳಲ್ಲಿ ಉಂಡೆ ಮಾಡಿ ತಂತಿ ತುದಿಗೆ ಒತ್ತಿ. ಊಟಕ್ಕೆ ಮುಂಚೆ ತೆಗೆದುಬಿಡಿ, ಆಮೇಲೆ ಹೊಸದು ಹಾಕಿ. ಅಕಸ್ಮಾತ್ ನುಂಗಿದ್ರೂ ತೊಂದ್ರೆ ಇಲ್ಲ. ತೆಳು ತಂತಿ ಆದ್ರೆ ಪೆನ್ಸಿಲಿನ ಹಿಂದಿನ ರಬ್ಬರ್ ತೊಳೆದು ಅದರಿಂದ ಮೆಲ್ಲಗೆ ಹಲ್ಲಿನ ಕಡೆ ಬಗ್ಗಿಸಬಹುದು. ಇದ್ಯಾವುದಕ್ಕೂ ಬಗ್ಗದಿದ್ರೆ ಫೋನ್ ಮಾಡಿ. ಹುಣ್ಣಾಗಿದ್ರೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕೆ ಮೂರ್ನಾಲ್ಕು ಸಲ ಮುಕ್ಕಳಿಸಿ.

ಬ್ರಾಕೆಟ್ ಬಿಚ್ಕೊಂಡ್ರೆ ಸಾಮಾನ್ಯವಾಗಿ ತಂತಿಗೇ ನೇತಾಡ್ತಿರುತ್ತೆ. ಅದನ್ನ ಎಳೀಬೇಡಿ, ಮೇಣ ಹಚ್ಚಿ ಬಿಡಿ. ಪೂರ್ತಿ ಕೈಗೆ ಬಂದ್ರೆ ಕಾಗದದಲ್ಲಿ ಕಟ್ಟಿಟ್ಕೊಂಡು ತಗೊಂಡು ಹೋಗಿ. ಮುಂದಿನ ತಾರೀಖಿನವರೆಗೆ ಕಾಯಬೇಡಿ, ಆ ಹಲ್ಲು ಅಷ್ಟು ದಿನ ಸುಮ್ನೆ ಕೂತಿರುತ್ತೆ, ಚಿಕಿತ್ಸೆ ಅಷ್ಟು ತಡವಾಗುತ್ತೆ. ಚೂರು ನುಂಗಿಬಿಟ್ರೆ ಸಾಮಾನ್ಯವಾಗಿ ತಾನಾಗೇ ಆಚೆ ಹೋಗುತ್ತೆ. ಆದ್ರೆ ನುಂಗಿದ ಮೇಲೆ ಕೆಮ್ಮು ನಿಲ್ಲದಿದ್ರೆ, ಉಸಿರಾಟ ಕಷ್ಟ ಆದ್ರೆ, ಎದೆ ನೋವು ಬಂದ್ರೆ ಅದು ಬೇರೆ ವಿಷಯ, ತಕ್ಷಣ ದೊಡ್ಡಾಸ್ಪತ್ರೆಗೆ ಓಡಿ. ಹಾಗೇ ಮುಖ ಊದಿ ಜ್ವರ ಬಂದ್ರೂ ಮನೇಲಿ ಇಟ್ಕೋಬೇಡಿ.

ಹಾಕ್ಸಿದ ಮೊದಲ ಮೂರ್ನಾಲ್ಕು ದಿನ, ಪ್ರತಿ ಸಲ ಬಿಗಿ ಮಾಡಿಸಿದಾಗ ಒಂದೆರಡು ದಿನ ನೋವಿರುತ್ತೆ. ಪ್ಯಾರಾಸಿಟಮಾಲ್ ಸಾಕು.

ಊಟದ ವಿಷಯಕ್ಕೆ ಬರ್ತೀನಿ. ಮೊದಲ ದಿನ ಒಬ್ಬರು "ನಾನ್‌ವೆಜ್ ಎಲ್ಲ ಬಿಟ್ಬಿಡಿ" ಅಂದ್ರು. ನಾನು ಕೇಳಿದೆ, "ಯಾಕೆ ಬಿಡಬೇಕು, ಹಲ್ಲಿಗೆ ಬಾಡಿಂದ ಏನಾಗುತ್ತೆ?" ಅಂತ. ತಡವರಿಸಿದ್ರು. ಪಿಜಿ ಮೇಡಂ ಬಂದು ಸರಿಯಾಗಿ ಹೇಳಿದ್ರು, ಬಾಡು ಬಿಡಬೇಕಾಗಿಲ್ಲ, ಮೂಳೆ ಕಡಿಯೋದು ಬಿಡಬೇಕು. ಮೆತ್ತಗೆ ಬೇಯಿಸಿ ಸಣ್ಣ ತುಂಡು ಮಾಡಿ ತಿನ್ನಬಹುದು. ನೋಡಿ, ಕೇಳಿದ್ದಕ್ಕೆ ಸಿಕ್ಕ ಉತ್ತರ ಇದು. ಕೇಳದಿದ್ರೆ ಎರಡು ವರ್ಷ ನನ್ನ ಮಗಳು ಮನೇಲಿ ಬಾಡು ಮಾಡಿದ ದಿನ ಮೊಸರನ್ನ ತಿಂತಾ ಕೂರ್ತಿದ್ಲು.

ಬಿಡಬೇಕಾದ್ದು ಗಟ್ಟಿ ಮತ್ತೆ ಅಂಟು. ಕಬ್ಬು ಸೀಳಿ ತಿನ್ನೋದು, ನಿಪ್ಪಟ್ಟು, ಚಕ್ಕುಲಿ, ಕಡ್ಲೆಮಿಠಾಯಿ, ಹುರಿಗಡಲೆ, ಗಟ್ಟಿ ಸೀಬೆಕಾಯಿ ಕಚ್ಚೋದು, ಚೂಯಿಂಗ್ ಗಮ್ಮು. ಪೆನ್ನಿನ ಕ್ಯಾಪು ಕಡಿಯೋ ಮಕ್ಕಳಿಗೆ ಅದೂ ಬಂದ್. ಸೀಬೆ, ಸೇಬು ತಿನ್ನಬೇಕಂದ್ರೆ ಹೆಚ್ಚಿ ಕೊಡಿ. ಮತ್ತೆ ಒಂದು ಸಂತೋಷದ ವಿಷಯ: ಕ್ಲಿಪ್ಪು ಹಾಕ್ಸಿದೋರಿಗೆ ಮುದ್ದೆಗಿಂತ ಒಳ್ಳೆ ಊಟ ಇಲ್ಲ. ನಾವು ಮುದ್ದೆ ಅಗಿಯೋದೇ ಇಲ್ಲವಲ್ಲ, ನುಂಗೋದು! ಬೆಂಗಳೂರಿನ ಮಕ್ಕಳು ನೋವಿಗೆ ಓಟ್ಸು, ಜ್ಯೂಸು ಅಂತ ಒದ್ದಾಡ್ತಿದ್ರೆ ನನ್ನ ಮಗಳು ಎರಡನೇ ದಿನವೇ ಮುದ್ದೆ ಬಸ್ಸಾರಿಗೆ ಕೂತಳು. ಸೊಪ್ಪು ಮಾತ್ರ ತಂತಿಗೆ ಸಿಕ್ಕಾಕ್ಕೊಳ್ಳುತ್ತೆ, ತಿಂದಾದ ಮೇಲೆ ಕನ್ನಡಿ ನೋಡ್ಕೊಳ್ಳಿ.

ಬ್ರಷ್ ಮಾಡೋದು ಊಟ ಆದ ಪ್ರತಿ ಸಲ. ಆಗದಿದ್ರೆ ನೀರಾದ್ರೂ ಚೆನ್ನಾಗಿ ಮುಕ್ಕಳಿಸಿ, ಬೆಳಗ್ಗೆ ರಾತ್ರಿ ಮಾತ್ರ ತಪ್ಪಿಸಬೇಡಿ. ಬ್ರಷ್ಷನ್ನ ಬ್ರಾಕೆಟ್ಟಿನ ಮೇಲ್ಗಡೆಯಿಂದ ಒಂದ್ಸಲ, ಕೆಳಗಡೆಯಿಂದ ಒಂದ್ಸಲ ಓರೆಯಾಗಿ ಹಿಡೀರಿ. ಬಾಟಲಿ ತೊಳೆಯೋ ಬ್ರಷ್ ತರ ಇರೋ ಪುಟಾಣಿ ಬ್ರಷ್ಷು ಬರುತ್ತೆ, ಅದು ತಂತಿ ಕೆಳಗೆ ಹೋಗುತ್ತೆ. ಉದಾಸೀನ ಮಾಡಿದ್ರೆ ಕ್ಲಿಪ್ಪು ತೆಗೆದ ದಿನ ಹಲ್ಲು ನೆಟ್ಟಗಿರುತ್ತೆ, ಆದ್ರೆ ಪ್ರತಿ ಬ್ರಾಕೆಟ್ ಇದ್ದ ಜಾಗದ ಸುತ್ತ ಸುಣ್ಣದ ಬಣ್ಣದ ಚೌಕಟ್ಟು ಉಳಿದಿರುತ್ತೆ. ಆ ಕಲೆ ಪೂರ್ತಿ ಹೋಗಲ್ಲ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಬೇಡ. "ನಮ್ಮ ನೀರಲ್ಲೇ ಫ್ಲೋರೈಡ್ ಇದೆ, ಪೇಸ್ಟಲ್ಲೂ ಯಾಕೆ" ಅಂತ ಒಬ್ಬರು ಕೇಳಿದ್ರು, ನ್ಯಾಯವಾದ ಪ್ರಶ್ನೆ. ಮಚ್ಚೆ ಬೀಳೋ ವಯಸ್ಸು ಚಿಕ್ಕಂದಿನದು, ಹನ್ನೆರಡು ಹದಿಮೂರರ ಮಕ್ಕಳು ಪೇಸ್ಟು ಉಗಿದುಬಿಟ್ರೆ ಆಯ್ತು. ಹುಳುಕು ತಡೆಯೋಕೆ ಅದು ಬೇಕು.

ಕಬಡ್ಡಿ ಆಡೋ ಮಕ್ಕಳಿಗೆ ಮೌತ್ ಗಾರ್ಡ್ ಕೇಳಿ ತಗೊಳ್ಳಿ. ತುಟಿ ತಂತಿಗೆ ಬಡಿದ್ರೆ ಸೀಳುತ್ತೆ. ರಬ್ಬರ್ ಬ್ಯಾಂಡ್ ಕೊಟ್ಟಿದ್ರೆ ಹೇಳಿದಷ್ಟೇ ಹಾಕಿ. ಬೇಗ ಆಗ್ಲಿ ಅಂತ ಎರಡೆರಡು ಹಾಕೋದು ಬೇಡ, ಹಲ್ಲಿನ ಬೇರಿಗೆ ಪೆಟ್ಟು.

ಇನ್ನು ರಿಟೇನರ್. ಇದನ್ನ ನಮ್ಮೋರಿಗೆ ಯಾರೂ ಸರಿಯಾಗಿ ಹೇಳಲ್ಲ. ಕ್ಲಿಪ್ಪು ತೆಗೆದ ದಿನ "ಮುಗೀತು" ಅಂತ ಸ್ವೀಟ್ ಹಂಚಿ ಬರ್ತಾರೆ. ಮುಗಿದಿರಲ್ಲ. ಹಲ್ಲಿನ ಬೇರು ಹಿಡ್ಕೊಂಡಿರೋ ಸಣ್ಣ ನಾರುಗಳು ರಬ್ಬರಿನಂಗೆ ಹಳೇ ಜಾಗಕ್ಕೆ ಎಳೀತಿರ್ತವೆ, ಸುತ್ತಲ ಮೂಳೆ ಇನ್ನೂ ಗಟ್ಟಿ ಆಗಿರಲ್ಲ. ಅದನ್ನ ತಡೆಯೋಕೆ ರಿಟೇನರ್. ತಂತಿ ಇರೋ ಪ್ಲಾಸ್ಟಿಕ್ ತಟ್ಟೆ ತರದ್ದು ಒಂದು, ಪಾರದರ್ಶಕ ಒಂದು, ಮುಂದಿನ ಹಲ್ಲುಗಳ ಹಿಂದೆ ಅಂಟಿಸೋ ತಂತಿ ಒಂದು. ನನ್ನ ಮಗಳಿಗೆ ಪಾರದರ್ಶಕದ್ದು ಕೊಟ್ಟಿದಾರೆ. ಮೊದಲ ಆರು ತಿಂಗಳು ಊಟ, ಬ್ರಷ್ ಬಿಟ್ಟು ಇಡೀ ದಿನ, ಆಮೇಲೆ ರಾತ್ರಿ ಹೊತ್ತು, ವರ್ಷಗಟ್ಟಲೆ. ಎಷ್ಟು ಹೊತ್ತು ಅಂತ ನಿಮ್ಮ ಡಾಕ್ಟ್ರ ಹತ್ರ ಬರೆಸ್ಕೊಳ್ಳಿ.

ಬಿಸಿನೀರಲ್ಲಿ ತೊಳೀಬೇಡಿ, ಸೊಟ್ಟಗಾಗುತ್ತೆ. ಪಾರದರ್ಶಕದ್ದಕ್ಕೆ ಪೇಸ್ಟು ಹಾಕಿ ತಿಕ್ಕಿದ್ರೆ ಗೀರು ಬೀಳುತ್ತೆ, ತಣ್ಣೀರು ಮೆತ್ತನೆ ಬ್ರಷ್ಷು ಸಾಕು. ಅದನ್ನ ಹಾಕ್ಕೊಂಡು ನೀರು ಬಿಟ್ಟು ಟೀ, ಜ್ಯೂಸು ಏನೂ ಕುಡೀಬಾರದು. ಮತ್ತೆ ಕಳ್ಕೊಳ್ಳೋದು ಎಲ್ಲಿ ಗೊತ್ತಾ? ಊಟದ ತಟ್ಟೆ ಪಕ್ಕ. ನಮ್ಮ ಮಕ್ಕಳು ಹಾಸ್ಟೆಲ್ಲಲ್ಲಿ ಇರ್ತಾರೆ. ನಾಚ್ಕೆಯಿಂದ ಬಾಯಿಂದ ತೆಗೆದು ಪೇಪರಲ್ಲಿ ಸುತ್ತಿಡ್ತಾರೆ, ಎದ್ದು ಹೋಗೋವಾಗ ಕಸದ ಜೊತೆ ಬಕೆಟ್ಟಿಗೆ ಹೋಗುತ್ತೆ. ಡಬ್ಬಿ ಕೊಡಿಸಿ, ಡಬ್ಬಿ ಮೇಲೆ ಹೆಸರು ಬರೀರಿ. ಬಾಯಿಯಲ್ಲಿಲ್ಲ ಅಂದ್ರೆ ಡಬ್ಬಿಯಲ್ಲಿರಬೇಕು, ಮೂರನೇ ಜಾಗ ಇಲ್ಲ. ಕಳೆದುಹೋದ್ರೆ ಆ ವಾರವೇ ಹೇಳಿಸಿ. ವಾರ್ಡನ್ನಿಗೆ ಹೆದರಿ ಮಗು ಮೂರು ತಿಂಗಳು ಮುಚ್ಚಿಟ್ರೆ ಹಲ್ಲು ಅಷ್ಟರಲ್ಲಿ ವಾಪಸ್ ಜರುಗಿರುತ್ತೆ. ಒಂದೆರಡು ರಾತ್ರಿ ಬಿಟ್ಟು ಹಾಕಿದಾಗ ಬಿಗಿ ಅನಿಸಿದ್ರೆ ಹಾಕ್ಕೊಳ್ಳಿ, ಕೂರೋದೇ ಇಲ್ಲ ಅಂದ್ರೆ ಬಲವಂತ ಮಾಡದೆ ತೋರಿಸಿ.

ಆ ಬಾರ್ ಬೆಂಡಿಂಗ್ ಅಣ್ಣನ ಮಗನನ್ನ ಬರೋ ಶನಿವಾರ ನಾನೇ ಬೆಂಗಳೂರಿಗೆ ಕರ್ಕೊಂಡು ಹೋಗ್ತಿದೀನಿ. ಚೆಕ್ಕೆ ಎದ್ದ ಹಲ್ಲಿಗೆ ಮೊದಲು ಏನು ಮಾಡ್ತಾರೆ ನೋಡಿ, ಮತ್ತೆ ಹಾಕ್ತಾರಾ ಅಂತ ಕೇಳ್ತೀವಿ. ಹುಡುಗನಿಗೆ ಹೇಳಿದೀನಿ, ಪ್ರಶ್ನೆ ನೀನೇ ಕೇಳ್ಬೇಕು, ನಾನು ಪಕ್ಕದಲ್ಲಿ ನಿಂತಿರ್ತೀನಿ ಅಂತ. ಆರು ಪ್ರಶ್ನೆ ಬರ್ಕೊಂಡಿದಾನೆ. ನಮ್ಮ ಕಡೆಯಿಂದ ಇನ್ಯಾರಾದ್ರೂ ಮಕ್ಕಳನ್ನ ತೋರಿಸೋದಿದ್ರೆ ಗುರುವಾರದೊಳಗೆ ಹೇಳಿ, ಬೆಳಗ್ಗೆ ಐದೂವರೆ ಬಸ್ಸಿಗೆ ಹೊರಡ್ತೀವಿ. ಮೇಣದ ಡಬ್ಬಿ ನನ್ನ ಹತ್ರ ಎರಡು ಜಾಸ್ತಿ ಇವೆ, ಬೇಕಾದೋರು ಸಂಜೆ ಆರರ ಮೇಲೆ ಮನೆಗೆ ಬಂದು ಇಸ್ಕೊಳ್ಳಿ.