ಅಟ್ಟದ ಮೇಲಿನ ಅಡ್ವಾನ್ಸು

ಒಂದು ಭಾನುವಾರ ಬೆಳಿಗ್ಗೆ ವಿಜಯನಗರದ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಒಂದನ್ನ ಎತ್ತಿಕೊಂಡೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ನೀರಿನ ಸದ್ದು ಚೆನ್ನಾಗಿತ್ತು. ಬೆರಳಲ್ಲಿ ತಟ್ಟಿದೆ, ಬಲಿತ ಕಾಯಿ. ಆಮೇಲೆ ರೇಟು ಕೇಳಿದೆ.

"ಅರವತ್ತು ಸಾರ್."

ಎಷ್ಟು ಹುಷಾರಾಗಿ ಎತ್ತಿಕೊಂಡಿದ್ದೆನೋ ಅಷ್ಟೇ ಹುಷಾರಾಗಿ ವಾಪಸ್ ಇಟ್ಟುಬಿಟ್ಟೆ.

ಪಕ್ಕದಲ್ಲಿದ್ದ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ತೆಂಗಿನ ತೋಟದವರ ಮಗ ತೆಂಗಿನಕಾಯಿ ವಾಪಸ್ ಇಟ್ರು ಅಂತ ಅತ್ತೆಗೆ ಫೋನ್ ಮಾಡಿ ಹೇಳ್ಲಾ?" ಅಂದಳು. ಕಾಯಿಯವನೂ ನಕ್ಕ. "ನಾವೇನ್ ಮಾಡೋಣ ಸಾರ್, ತಿಪಟೂರ್ ಕಡೆಯಿಂದ ಬರೋದೇ ಆ ರೇಟಿಗೆ" ಅಂದ. ನನ್ನೂರಿನ ಹೆಸರು ಹೇಳಿಯೇ ನನ್ನ ಬಾಯಿ ಮುಚ್ಚಿಸಿದ ಪುಣ್ಯಾತ್ಮ.

ನಮ್ಮೂರು ತಿಪಟೂರಿಗೆ ಹತ್ತಿರ. ಎರಡು ಎಕರೆ ತೆಂಗು, ಚೂರು ರಾಗಿ ಹೊಲ, ಎರಡು ಹಸು. ಚಿಕ್ಕವನಿದ್ದಾಗ ನಮ್ಮನೇಲಿ ಬಡತನ ಇರಲಿಲ್ಲ ಅಂತ ಹೇಳಲಾರೆ. ಸ್ಕೂಲ್ ಶೂಗೆ ಇತ್ತು, ಬಟ್ಟೆಗೆ ಇತ್ತು, ಕರೆಂಟ್ ಬಿಲ್ಲಿಗೂ ಇತ್ತು. ಆದರೆ ಕಾಯಿಗೆ ಮಾತ್ರ ಬಡತನ ಇರಲಿಲ್ಲ. ಅಮ್ಮ ಚಟ್ನಿ ಅರೆಯುವಾಗ ಹೋಳು ಎಣಿಸಿದ್ದು ನೋಡೇ ಇಲ್ಲ. ಮನೆಗೆ ಬಂದ ನೆಂಟರು ಹೊರಡುವಾಗ ಚೀಲಕ್ಕೆ ನಾಲ್ಕು ಕಾಯಿ ಬೀಳದಿದ್ದರೆ ಅಪ್ಪನಿಗೆ ಸಮಾಧಾನ ಇಲ್ಲ. ಅಂಥ ಮನೆಯಿಂದ ಬಂದು, ತಿಂಗಳಿಗೆ ಆರಂಕಿ ಸಂಬಳ ತಗೊಂಡು, ಅರವತ್ತು ರೂಪಾಯಿಗೆ ಹಿಂಜರಿದೆನಲ್ಲ ಅಂತ ದಾರಿಯುದ್ದಕ್ಕೂ ಅನ್ನಿಸ್ತು.

ಆದರೆ ನನ್ನ ಹಿಂಜರಿಕೆ ಆ ಒಂದು ಕಾಯಿಯದ್ದಾಗಿರಲಿಲ್ಲ. 2025 ಶುರುವಾಗಿದ್ದೇ ಹಾಗೆ. ಜನವರಿಯಲ್ಲಿ ಬಸ್ ಟಿಕೆಟ್ ಶೇಕಡಾ 15 ಏರಿತು. ಫೆಬ್ರವರಿಯಲ್ಲಿ ಮೆಟ್ರೋ. ಗರಿಷ್ಠ 60 ರೂಪಾಯಿ ಇದ್ದ ಟಿಕೆಟ್ 90 ಆಯ್ತು. ಏಪ್ರಿಲ್ ಒಂದಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ. ಅದೇ ತಿಂಗಳು ಕಾವೇರಿ ನೀರಿನ ದರ. ಒಂದೊಂದನ್ನೇ ನೋಡಿದರೆ ಯಾವುದೂ ಜೀವ ಹೋಗುವಂಥದ್ದಲ್ಲ. ಜೊತೆಗೆ ಮಗಳ ಸ್ಕೂಲ್ ಫೀಸು, ಬಾಡಿಗೆ ಎರಡೂ ಸೇರಿಕೊಂಡಾಗ, ಹೈಕ್ ಅಂತ ಬಂದದ್ದು ಮನೆ ಬಾಗಿಲು ದಾಟುವ ಮೊದಲೇ ಕರಗಿಹೋಗಿರುತ್ತೆ. ಸಿಟ್ಟು ಮಾಡಿಕೊಳ್ಳೋಕೆ ಒಂದು ಕಾರಣ ಬೇಕಿತ್ತು, ಆವತ್ತು ಕಾಯಿ ಸಿಕ್ಕಿತು ಅಷ್ಟೆ.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ನನಗೆ ಸಂಕಟವಾದರೂ ಅಪ್ಪನಿಗೆ ಖುಷಿಯಾಗಿರಬೇಕಲ್ಲ! ನಮ್ಮ ಕಡೆ ಕಾಯಿಯನ್ನ ಹಾಗೇ ಮಾರುವುದಕ್ಕಿಂತ ಕೊಬ್ಬರಿ ಮಾಡಿ ಮಾರುವುದೇ ರೂಢಿ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 8 ಸಾವಿರದ ಆಸುಪಾಸಿಗೆ ಬಿದ್ದಿತ್ತು. 2025ರಲ್ಲಿ 20 ಸಾವಿರ ದಾಟಿತ್ತು.

"ಏನಪ್ಪ, ಈ ಸಲ ನಿಂದೇ ಕಾರುಬಾರು" ಅಂದೆ.

"ರೇಟ್ ಐತೆ ಕಣಪ್ಪ. ಕಾಯೆಲ್ಲೈತೆ? ಅಟ್ಟ ಭಣಭಣ ಅಂತೈತೆ" ಅಂದ ಅಪ್ಪ.

ಬಿಳಿ ನೊಣ, ಕಪ್ಪು ತಲೆ ಹುಳು, ಮೇಲಿಂದ ಹಿಂದಿನ ವರ್ಷದ ಬರ. ನೂರು ಕಾಯಿ ಬರುತ್ತಿದ್ದ ಮರದಲ್ಲಿ ನಲವತ್ತು ಬಂದರೆ ಹೆಚ್ಚು. ಎಳನೀರಿಗೆ ಒಳ್ಳೆ ಬೆಲೆ ಅಂತ ಅಕ್ಕಪಕ್ಕದವರು ಎಳೆಯದರಲ್ಲೇ ಇಳಿಸಿಬಿಟ್ಟಿದ್ದಾರೆ. ಕಾಯಿ ಇಲ್ಲ ಅಂತಲೇ ರೇಟು ಬಂದಿರೋದು, ರೇಟು ಬಂದಿದೆ ಅಂತ ಕಾಯಿ ಬರಲ್ಲವಲ್ಲ.

ಅಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ. "ರೇಟಿಲ್ದಾಗ ಮಾರೋದು, ರೇಟ್ ಬಂದಾಗ ಖಾಲಿ ಅಟ್ಟ ನೋಡ್ಕೊಂಡು ಕೂರೋದು, ಇದೇ ಆಯ್ತು ನಿಮ್ಮಪ್ಪಂದು. ಆವತ್ತೂ ನಿನ್ನ ಮನೆ ಅಡ್ವಾನ್ಸಿಗೆ ಅಂತ..."

"ಏಯ್, ಸುಮ್ನಿರೇ" ಅಂದ ಅಪ್ಪ. ಆಮೇಲೆ ಮಳೆ ವಿಷಯ ತೆಗೆದ.

ನನಗೆ ಮಳೆ ಕೇಳಿಸಲಿಲ್ಲ.

2023ರಲ್ಲಿ ನಾವು ಈಗಿರುವ ಮನೆಗೆ ಬಂದದ್ದು. ಕೊರೊನಾ ಮುಗಿದು ಆಫೀಸುಗಳು ಎಲ್ಲರನ್ನೂ ವಾಪಸ್ ಕರೆದಿದ್ದವು. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕೋದು ಅಂದ್ರೆ ಇಂಟರ್‌ವ್ಯೂಗೆ ಹೋದ ಹಾಗೆ ಇತ್ತು. ಊರು ಯಾವುದು, ಎಲ್ಲಿ ಕೆಲಸ, ವೆಜ್ಜಾ ನಾನ್‌ವೆಜ್ಜಾ, ಊರಿಂದ ಎಷ್ಟು ಜನ ಬಂದು ಹೋಗ್ತಾರೆ, ಎಲ್ಲ ಕೇಳಿ ಕೊನೆಗೆ "ತಿಳಿಸ್ತೀವಿ" ಅನ್ನೋರು. ಈ ಮನೆಗೆ ಬಾಡಿಗೆ 25 ಸಾವಿರ, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದ್ರೆ ಎರಡೂವರೆ ಲಕ್ಷ. ಹಳೆ ಮನೆಯ ಓನರ್ ಅಡ್ವಾನ್ಸ್ ವಾಪಸ್ ಕೊಡೋಕೆ ಸತಾಯಿಸುತ್ತಿದ್ದರು. ನನ್ನ ಹತ್ತಿರ 80 ಸಾವಿರ ಕಮ್ಮಿ ಬಿತ್ತು. ಅಪ್ಪನ ಹತ್ತಿರ ಕೇಳಲೂ ಇಲ್ಲ, ಮಾತಿನ ಮಧ್ಯೆ ಹೇಳಿದ್ದೆ ಅಷ್ಟೆ. ನಾಲ್ಕನೇ ದಿನ ಅಕೌಂಟಿಗೆ 80 ಸಾವಿರ ಬಂತು.

"ಎಲ್ಲಿಂದ ಬಂತಪ್ಪ?" ಅಂದಿದ್ದೆ.

"ಇತ್ತು ಬಿಡು."

ದಿನವೂ ಆಫೀಸಲ್ಲಿ ಕೂತು, ಎಲ್ಲಿ ಏನು ತಪ್ಪಾಯ್ತು ಅಂತ ಸಾಲು ಸಾಲು ಲಾಗ್ ಜಾಲಾಡುವವನು ನಾನು. ಆವತ್ತು ಎರಡನೇ ಪ್ರಶ್ನೆ ಕೇಳಲಿಲ್ಲ. ಕೇಳೋದು ಬೇಡ ಅಂತ ಒಳಗೆಲ್ಲೋ ಗೊತ್ತಿತ್ತು ಅನ್ನಿಸುತ್ತೆ.

ಕೊಬ್ಬರಿ ಆಗೋದು ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಬಲಿತ ಕಾಯಿಗಳನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ಸುರಿದು ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗೇ ಇಂಗಿ, ತಿರುಳು ಕರಟ ಬಿಟ್ಟುಕೊಳ್ಳುತ್ತೆ. ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು, ಕರಟ ಒಡೆದರೆ ಇಡೀ ಉಂಡೆ ಕೊಬ್ಬರಿ. ಇದರಲ್ಲಿ ರೈತ ಮಾಡುವ ದೊಡ್ಡ ಕೆಲಸ ಅಂದ್ರೆ ಕಾಯೋದು. ಒಂದು ವರ್ಷ ಕಾಯಿ ಒಣಗೋಕೆ ಕಾಯಬೇಕು, ಆಮೇಲೆ ರೇಟಿಗೆ ಕಾಯಬೇಕು. ಕಾಯೋಕೆ ಆದವನಿಗೆ ನಾಲ್ಕು ಕಾಸು, ಆಗದವನಿಗೆ ಆವತ್ತಿನ ರೇಟು.

ಆ ವರ್ಷ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇತ್ತು. ಮಾರುಕಟ್ಟೆಯಲ್ಲಿ ಅದು ಸಿಗುತ್ತಿರಲಿಲ್ಲ. ಮರುವರ್ಷ ಬೆಂಬಲ ಬೆಲೆ 12 ಸಾವಿರ ಆಗಿ ಖರೀದಿ ಶುರುವಾಗುವವರೆಗೆ ಅಪ್ಪ ಕಾದಿದ್ದರೆ ಅದೇ ಹತ್ತು ಕ್ವಿಂಟಲಿಗೆ 1,20,000 ಬರುತ್ತಿತ್ತು. ಅಪ್ಪ 80 ಸಾವಿರಕ್ಕೆ ಮಾರಿದ, ನನ್ನ ಓನರಿಗೆ ಅಡ್ವಾನ್ಸ್ ಕೊಡೋಕೆ. ಸುಮಾರು ಏಳು ಸಾವಿರ ಕಾಯಿ. ಏಳು ಸಾವಿರ ಸಲ ಒಬ್ಬರು ಕೆಡವಿ, ಹೊತ್ತು, ಅಟ್ಟಕ್ಕೆ ಹಾಕಿ, ಇಳಿಸಿ, ಸುಲಿದದ್ದು. ಅದೆಲ್ಲ ಈಗ ವಿಜಯನಗರದ ಒಂದು ಬ್ಯಾಂಕ್ ಅಕೌಂಟಲ್ಲಿ, ನಮಗೆ ಬಡ್ಡಿಯಿಲ್ಲದೆ ಕೂತಿದೆ. ಕೂತಿದೆ ಅನ್ನೋದೂ ಸುಳ್ಳು. ಓನರ್ ಆಂಟಿ ಮೂರನೇ ಫ್ಲೋರ್ ಕಟ್ಟಿಸುತ್ತಿದ್ದಾರೆ.

ಇಲ್ಲಿಗೆ ನಿಲ್ಲಿಸಿದರೆ ಓನರ್ ಆಂಟಿ ವಿಲನ್ ಆಗಿಬಿಡ್ತಾರೆ. ಹಾಗಲ್ಲ. ಅಂಕಲ್ ತೀರಿಕೊಂಡಿದ್ದಾರೆ, ಅವರಿಗೆ ಪೆನ್ಷನ್ ಇರಲಿಲ್ಲ. "ನನಗೆ ಬಾಡಿಗೆಯೇ ಪೆನ್ಷನ್ನು ಕಣಪ್ಪ" ಅಂತಾರೆ. ಈ ವರ್ಷ ಬಾಡಿಗೆ 29 ಸಾವಿರ ಅಂದಾಗ ನಾನು ಗೊಣಗಿದೆ. ಅವರು ಬೇಜಾರೇನೂ ಮಾಡಿಕೊಳ್ಳದೆ, "ಏರಿಸಿದ್ದು ನಾನಾ? ನೀವು ಐಟಿಯವರು ಕೇಳಿದಷ್ಟು ಕೊಡ್ತೀರಿ. ನಿಮ್ಮನ್ನ ನೋಡೇ ನಮಗೂ ಗೊತ್ತಾಗಿದ್ದು ಇದಕ್ಕೆ ಇಷ್ಟು ಬರುತ್ತೆ ಅಂತ" ಅಂದರು.

ಉತ್ತರ ಕೊಡೋಕೆ ಆಗಲಿಲ್ಲ. ಯಾಕಂದ್ರೆ ಈ ಮನೆ ನಮಗಿಂತ ಮೊದಲು ಇನ್ನೊಬ್ಬರು ನೋಡಿದ್ದರು. ಹೈಸ್ಕೂಲ್ ಮೇಷ್ಟ್ರು, ಹೆಂಡತಿ, ಇಬ್ಬರು ಮಕ್ಕಳು. 22 ಸಾವಿರಕ್ಕೆ ಮಾತಾಗಿತ್ತು. ಸಂಜೆ ಬಂದು ಹೇಳ್ತೀವಿ ಅಂತ ಹೋಗಿದ್ದರಂತೆ. ನಾನು ಮಧ್ಯಾಹ್ನ ಬಂದವನು 25 ಅಂದು, ಅಲ್ಲೇ ನಿಂತು ಫೋನಲ್ಲಿ ಟೋಕನ್ ಅಡ್ವಾನ್ಸ್ ಕಳಿಸಿಬಿಟ್ಟೆ. ಮೆಟ್ರೋ ಹತ್ತಿರ ಇತ್ತು, ನೀರು ಚೆನ್ನಾಗಿತ್ತು, ಮಗಳ ಸ್ಕೂಲ್ ನಡೆದು ಹೋಗುವಷ್ಟು ದೂರ. ಆವತ್ತು ಸಂಜೆ ಆ ಮೇಷ್ಟ್ರು ಬಂದಾಗ ಆಂಟಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಆ ಮೂರು ಸಾವಿರ ಏರಿಸಿದ್ದು ಬೆಂಗಳೂರಲ್ಲ, ನಾನು. ಅದಕ್ಕೆ ಬೇಕಾದ ಗಟ್ಟಿತನ ಕೊಟ್ಟದ್ದು ಅಪ್ಪನ ಅಟ್ಟ.

ನಾನು 2011ರಲ್ಲಿ ತುಮಕೂರಲ್ಲಿ ಬಿಇ ಮುಗಿಸಿ ಯಶವಂತಪುರದಲ್ಲಿ ರೈಲಿಳಿದಾಗ ಕೈಯಲ್ಲಿ ಒಂದು ಬ್ಯಾಗು, ಒಂದು ಕಾಯಿಚೀಲ. ಬಿಟಿಎಂ ಲೇಔಟಿನ ಪಿಜಿಯಲ್ಲಿ ಮೂವರಿಗೆ ಒಂದು ರೂಮು. ಆ ವರ್ಷ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ಮೆಟ್ರೋ ಓಡಿತು. ಕೆಲಸವೇ ಇಲ್ಲದಿದ್ದರೂ ರೂಮ್‌ಮೇಟ್‌ಗಳ ಜೊತೆ ಹತ್ತಿ, ಇಳಿದು, ಮತ್ತೆ ಹತ್ತಿ ವಾಪಸ್ ಬಂದಿದ್ದೆವು. ಈ ಊರು ಬೆಳೆಯುತ್ತಿದೆ, ಅದರ ಜೊತೆ ನಾನೂ ಬೆಳೀತೀನಿ ಅಂತ ಅನ್ನಿಸಿದ್ದು ನಿಜ. ಬೆಳೆದದ್ದೂ ನಿಜ. ತಂಗಿಯ ಮದುವೆ, ಅಮ್ಮನ ಕಣ್ಣಿನ ಆಪರೇಷನ್, ಊರ ಮನೆಯ ಹೊಸ ಛಾವಣಿ, ಎಲ್ಲ ಇಲ್ಲಿನ ದುಡ್ಡಲ್ಲೇ ಆದದ್ದು. ಹಾಗಾಗಿ ಬೆಂಗಳೂರನ್ನ ಬೈಯೋರ ಜೊತೆ ಕೂತು ನಾನೂ ಬೈತೀನಿ, ಆದರೆ ಎದ್ದು ಬರುವಾಗ ಏನೋ ಉಂಡ ಮನೆಗೆ ಎರಡು ಬಗೆದ ಹಾಗೆ ಅನ್ನಿಸುತ್ತೆ.

ವಾಪಸ್ ಹೋಗಬಹುದಲ್ಲ ಅಂತ ನೀವು ಕೇಳಬಹುದು. ಕೊರೊನಾದಲ್ಲಿ ಒಂದೂವರೆ ವರ್ಷ ಊರಲ್ಲೇ ಇದ್ದೆ. ಸಿಗ್ನಲ್ ಸಿಗುತ್ತೆ ಅಂತ ಅದೇ ಅಟ್ಟದ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮಾಡುತ್ತಿದ್ದೆ. ಸುಖವಾಗಿತ್ತು. ಆದರೆ ಆ ಸುಖ ಬೆಂಗಳೂರಿನ ಸಂಬಳದ್ದು. ಎರಡು ಎಕರೆ ತೆಂಗಿನ ಆದಾಯದಲ್ಲಿ ಅದೇ ಕೋಣೆಯಲ್ಲಿ ಕೂತಿದ್ದರೆ ಹೇಗಿರುತ್ತಿತ್ತು ಅಂತ ನಾನು ಅಪ್ಪನನ್ನ ನೋಡಿಯೇ ಬೆಳೆದಿದ್ದೀನಿ.

ಫೋನ್ ಮಾಡಿದ ಮುಂದಿನ ಶನಿವಾರ ಊರಿಗೆ ಹೋದೆ. ಅಟ್ಟ ಹತ್ತಿ ನೋಡಿದೆ. ಒಂದು ಮೂಲೆಯಲ್ಲಿ ರಾಶಿ, ಉಳಿದದ್ದೆಲ್ಲ ಬರೀ ಅಡಿಕೆ ದಬ್ಬೆ. ಊಟ ಆದ ಮೇಲೆ ಅಪ್ಪನಿಗೆ ಹೇಳಿದೆ, ಆ ದುಡ್ಡು ವಾಪಸ್ ಹಾಕ್ತೀನಿ ಅಂತ.

"ಸಾಲ ಅಂತ ಕೊಟ್ಟಿದ್ನಾ?" ಅಂದ. ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದು, "ಮನೆ ಬಿಡುವಾಗ ವಾಪಸ್ ಕೊಡ್ತಾರಲ್ವಾ ಅದನ್ನ?" ಅಂತ ಕೇಳಿದ.

"ಕೊಡ್ತಾರೆ. ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಂಡು."

ಅಪ್ಪ ಜೋರಾಗಿ ನಕ್ಕ. "ಎಲ್ಲಾ ಕಡೆ ಒಂದೇ ಬಿಡು. ಮಂಡಿಯೋರೂ ಹಂಗೇ, ಹಿಡ್ಕಂಡೇ ಕೊಡೋದು."

ನಾನೂ ನಕ್ಕೆ. ನಕ್ಕ ಮೇಲೂ ಲೆಕ್ಕ ಉಳಿದೇ ಇತ್ತು.

ನನ್ನದೊಂದು ಎಕ್ಸೆಲ್ ಶೀಟ್ ಇದೆ. ಬಾಡಿಗೆ, ಸ್ಕೂಲು, ಕಾರಿನ ಇಎಂಐ, ಇನ್ಶೂರೆನ್ಸು, ಮುಂದೆ ಯಾವತ್ತೋ ತಗೊಳ್ಳಬೇಕಾದ ಫ್ಲ್ಯಾಟಿಗೆ ಒಂದಿಷ್ಟು. ಊರಿನ ಹೆಸರಲ್ಲಿ ಒಂದು ಸಾಲೂ ಇರಲಿಲ್ಲ. ಹಬ್ಬಕ್ಕೆ, ಆಸ್ಪತ್ರೆಗೆ ಅಂತ ಕೇಳಿದಾಗ ಕಳಿಸುತ್ತಿದ್ದೆ ಅಷ್ಟೆ. ಅಪ್ಪ ಕೇಳುವುದೇ ಇಲ್ಲ ಅನ್ನೋದು ನನಗೆ ಅನುಕೂಲವಾಗಿತ್ತು. ವಾಪಸ್ ಬಂದ ರಾತ್ರಿ ಫ್ಲ್ಯಾಟಿನ ಸಾಲಿನಿಂದ ಒಂದಿಷ್ಟು ತೆಗೆದು, ಕೆಳಗೆ ಹೊಸ ಸಾಲು ಸೇರಿಸಿ 'ಅಟ್ಟ' ಅಂತ ಬರೆದೆ. ಪ್ರತಿ ತಿಂಗಳು ಅಮ್ಮನ ಅಕೌಂಟಿಗೆ ಹೋಗುತ್ತೆ. ಅಪ್ಪನಿಗೆ ಕೊಟ್ಟರೆ ತಗೊಳ್ಳಲ್ಲ, ಅಮ್ಮ ತಗೊಳ್ತಾಳೆ. ಏಳು ಸಾವಿರ ಕಾಯಿ ಅದರಿಂದ ವಾಪಸ್ ಬರಲ್ಲ. ಮುಂದಿನ ಸಲ ರೇಟು ಬಿದ್ದಾಗ ಅಪ್ಪ ಅವಸರಕ್ಕೆ ಮಾರದೆ ಇನ್ನೂ ನಾಲ್ಕು ತಿಂಗಳು ಕಾಯಬಹುದು, ಅಷ್ಟೇ. ಫ್ಲ್ಯಾಟು ಮುಂದಕ್ಕೆ ಹೋಯ್ತು ಅಂತ ಹೆಂಡತಿಗೆ ಹೇಳಿದೆ. "ಹೇಗಿದ್ರೂ ಮುಂದೇ ಇತ್ತಲ್ಲ" ಅಂದಳು.

ಊರಿಂದ ತಂದ ಹತ್ತು ಕಾಯಲ್ಲಿ ಎರಡನ್ನ ಓನರ್ ಆಂಟಿಗೆ ಕೊಟ್ಟೆ. "ಅಯ್ಯೋ, ಬಂಗಾರ ಕೊಟ್ಟಂಗಾಯ್ತಲ್ಲಪ್ಪ" ಅಂತ ಖುಷಿಪಟ್ಟರು. ಬಾಡಿಗೆ ಮಾತ್ರ 29 ಸಾವಿರವೇ.

ಉಳಿದ ಎಂಟು ಮೂರು ವಾರಕ್ಕೆ ಮುಗಿದವು. ಹೋದ ಭಾನುವಾರ ಮತ್ತೆ ಅದೇ ಮಾರ್ಕೆಟ್ಟಿಗೆ ಹೋದೆ. ಕಾಯಿ ಅಲ್ಲಾಡಿಸಿ, ತಟ್ಟಿ, ರೇಟು ಕೇಳಿದೆ. ಅರವತ್ತೈದು ಅಂದ. ಚೌಕಾಸಿ ಮಾಡದೆ ಎರಡು ತಗೊಂಡೆ.