ಹಾಸಿಗೆ ಒದ್ದೆ ಮಾಡಿದವರು ಯಾರು?

ಮೈಸೂರಿನ ಸರಸ್ವತೀಪುರಂನ ಅಕ್ಕನ ಮನೆಯಲ್ಲಿ ಸದ್ಯಕ್ಕೆ ಐದು ಬೆಕ್ಕು. ಒಂದನ್ನೂ ಯಾರೂ ಬೇಕೆಂದು ತಂದದ್ದಲ್ಲ. ಪುಟ್ಟಿ, ಬೋರ ಒಂದೇ ಸೂಲಿನವು. ಕಾರ್ ಶೆಡ್ಡಿನಲ್ಲಿ ಹುಟ್ಟಿ, ತಾಯಿ ಬರದೇ ಹೋದ ಮೇಲೆ ಒಳಗೆ ಬಂದವು. ಸಾಹುಕಾರ ಎದುರುಮನೆ ಬಾಡಿಗೆಯವರು ಖಾಲಿ ಮಾಡುವಾಗ ಬಿಟ್ಟುಹೋದದ್ದು, ಆರು ಕೆಜಿ ತೂಗುತ್ತಾನೆ. ಮಿಣಿ ಚರಂಡಿಯಿಂದ ಎತ್ತಿದ ಮರಿ, ಇನ್ನೂ ವರ್ಷ ತುಂಬಿಲ್ಲ. ಅಜ್ಜಿ ಎಂಬ ಮುದಿ ಹೆಣ್ಣು ಎಲ್ಲಿಂದ ಬಂತೋ ತಿಳಿಯದು, ಬಂತು, ಕೂತಿತು. ಎಲ್ಲಕ್ಕೂ ಆಪರೇಷನ್ ಆಗಿದೆ, ಲಸಿಕೆ ಆಗಿದೆ. ಹೀಗಿದ್ದೂ ಅಕ್ಕ-ಭಾವನ ಹಾಸಿಗೆಯ ಮೇಲೆ ಯಾರೋ ಉಚ್ಚೆ ಹೊಯ್ಯುತ್ತಿದ್ದಾರೆ.

ಭಾವ: "ಸಾಹುಕಾರನೇ. ಮುಖ ನೋಡಿದರೆ ಗೊತ್ತಾಗಲ್ವಾ?"
ಅಕ್ಕ: "ಮಿಣಿ ಇರಬೇಕು ಕಣೋ. ಚಿಕ್ಕದು, ಬುದ್ಧಿ ಬಂದಿಲ್ಲ."
ಕೆಲಸಕ್ಕೆ ಬರುವಾಕೆ: "ಅಜ್ಜೀನೇ ಕಣಕ್ಕಾ. ವಯಸ್ಸಾಯ್ತಲ್ಲ."

ಪುಟ್ಟಿ ಮತ್ತು ಬೋರನ ಹೆಸರನ್ನು ಯಾರೂ ಎತ್ತಲಿಲ್ಲ. ಅವು ಒಳ್ಳೆಯ ಮಕ್ಕಳಂತೆ.

*

ಡಾಕ್ಟರು ಫೋನಿನಲ್ಲಿ "ಯಾರು" ಅಂತ ಕೇಳಲೇ ಇಲ್ಲ. "ನಿಂತು ಚಿಮ್ಮಿಸಿದೆಯೋ, ಕೂತು ಹೊಯ್ದಿದೆಯೋ?" ಅಂದರು. ಎರಡೂ ಬೇರೆಬೇರೆಯಂತೆ. ಗುರುತು ಹಾಕುವ ಬೆಕ್ಕು ಬಾಲ ನೆಟ್ಟಗೆ ಎತ್ತಿ, ಅದರ ತುದಿ ನಡುಗಿಸುತ್ತಾ, ಗೋಡೆಗೋ ಪರದೆಗೋ ಸ್ವಲ್ಪವೇ ಸ್ವಲ್ಪ ಹಾರಿಸುತ್ತದೆ. ಇಲ್ಲಿರುವುದು ಹಾಸಿಗೆಯ ಮಧ್ಯೆ ಅಂಗೈಯಗಲದ ಮಡು. ಅಂದರೆ ಇದು ಗಡಿ ತಕರಾರಲ್ಲ. ಟ್ರೇಗೆ ಹೋಗಲು ಯಾರಿಗೋ ಮನಸ್ಸಿಲ್ಲ, ಇಲ್ಲವೇ ಆಗುತ್ತಿಲ್ಲ.

*

ಟ್ರೇ ಇರುವುದು ಎರಡು. ಎರಡೂ ಅಡುಗೆಮನೆ ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ, ಒಂದರ ಪಕ್ಕ ಒಂದು. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಹೆಚ್ಚು ಟ್ರೇ ಇರಬೇಕು ಎಂಬುದು ಬೆಕ್ಕು ಬಲ್ಲವರ ಲೆಕ್ಕ. ಅಕ್ಕಪಕ್ಕ ಇಟ್ಟದ್ದು ಬೆಕ್ಕಿನ ಪಾಲಿಗೆ ಒಂದೇ ಜಾಗವಂತೆ, ಆದ್ದರಿಂದ ಮನೆಯ ಬೇರೆಬೇರೆ ಮೂಲೆಯಲ್ಲಿಡಬೇಕು.

"ಆರು ಟ್ರೇ ಇಟ್ಟರೆ ನಾವೆಲ್ಲಿಗೆ ಹೋಗೋದು?" ಇದು ಭಾವನ ಪ್ರಶ್ನೆ. ನ್ಯಾಯವಾದದ್ದೇ.

*

ಮಧ್ಯಾಹ್ನ ಊಟದ ಮೇಜಿನ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಒಗೆಯುವ ಜಾಗದ ಬಾಗಿಲಲ್ಲಿ ಸಾಹುಕಾರ, ಟೋಲ್ ಗೇಟಿನವನ ಹಾಗೆ. ಮುಂಗಾಲು ಮಡಚಿ, ಅರ್ಧ ಕಣ್ಣು ಮುಚ್ಚಿದ್ದಾನೆ. ಮಿಣಿ ಸೋಫಾದಿಂದ ಇಳಿದು ಆ ಕಡೆ ಹೊರಟಿತು. ಬಾಗಿಲಿಗೆ ನಾಲ್ಕು ಹೆಜ್ಜೆ ಇರುವಾಗ ನಿಂತಿತು. ಸಾಹುಕಾರ ತಲೆ ತಿರುಗಿಸಿ ನೋಡಿದ, ಅಷ್ಟೇ. ಬುಸ್ಸೆನ್ನಲಿಲ್ಲ, ಎದ್ದೇಳಲಿಲ್ಲ. ಮಿಣಿ ಕೂತು, ಏನೋ ಜ್ಞಾಪಕವಾದಂತೆ ಎಡಗಾಲು ನೆಕ್ಕಿಕೊಂಡಿತು. ಆಮೇಲೆ ಬಂದ ದಾರಿಯಲ್ಲಿ ವಾಪಸ್ಸು.

ಅದೇ ಹೊತ್ತಿಗೆ ಅಕ್ಕ ಬಂದು, "ನೋಡು, ಎಷ್ಟು ಹೊಂದಿಕೊಂಡಿವೆ, ಜಗಳವೇ ಇಲ್ಲ" ಅಂದಳು. ನನಗೆ ಕಂಡದ್ದು ಜಗಳವೇ. ಸಾಹುಕಾರ ಆ ಜಾಗ ಬಿಟ್ಟೇಳದೆ ಗೆದ್ದಿದ್ದ.

*

ಮನೆಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು, ಫೆಲಿಸ್ ಲಿಬಿಕಾ. ಒಂಟಿ ಬೇಟೆಗಾರ. ಹಿಡಿಯುವುದು ಇಲಿ, ಒಂದು ಇಲಿಯನ್ನು ಹಂಚಿ ತಿನ್ನುವುದಕ್ಕಾಗುತ್ತದೆಯೇ? ಹೀಗಾಗಿ ಹಿಂಡು ಕಟ್ಟುವ ಪ್ರಮೇಯವೇ ಬರಲಿಲ್ಲ. ಮೀನು ಮಾರುಕಟ್ಟೆಯ ಹತ್ತಿರ ಬೆಕ್ಕುಗಳು ಗುಂಪಾಗಿರುವುದುಂಟು, ಆದರೆ ಅಂಥ ಗುಂಪಿನ ತಿರುಳು ಸಾಮಾನ್ಯವಾಗಿ ತಾಯಿ, ಮಗಳು, ಅಕ್ಕ, ತಂಗಿ. ಹೆಚ್ಚಿನಂಶ ಪರಸ್ಪರ ಗುರುತಿಲ್ಲದ ಐವರನ್ನು ಎರಡು ಬೆಡ್‌ರೂಮಿನ ಮನೆಗೆ ತುಂಬಿ "ಹೊಂದಿಕೊಳ್ಳಿ" ಅಂದದ್ದು ನಾವು. ಅವು ಹೊಂದಿಕೊಂಡ ಮಟ್ಟಿಗೆ ಹೊಂದಿಕೊಂಡಿರುವುದೇ ಆಶ್ಚರ್ಯ.

*

ಬೋರ ಟ್ರೇಗೆ ಹೋಗುತ್ತಾನೆ, ತಿಣುಕುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. "ಮಲ ಕಟ್ಟಿದೆ, ಒಂದು ಚಮಚ ಹರಳೆಣ್ಣೆ ಹಾಕಿ" ಎಂದು ಪಕ್ಕದ ಮನೆಯವರ ಸಲಹೆ. ರಾತ್ರಿ ಹೊತ್ತಿಗೆ ಕೂಗು ಬದಲಾಯಿತು. ಅಕ್ಕ ಹರಳೆಣ್ಣೆಯ ಗೋಜಿಗೆ ಹೋಗದೆ ಬುಟ್ಟಿಯಲ್ಲಿ ಹಾಕಿಕೊಂಡು ಆಟೋ ಹತ್ತಿದಳು.

ಅದು ಮಲವಲ್ಲ, ಮೂತ್ರ. ಗಂಡುಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಣ್ಣ; ಲೋಳೆ ಮತ್ತು ಹರಳು ಸೇರಿ ಅಲ್ಲೊಂದು ಬಿರಡೆ ಕಟ್ಟಿಕೊಂಡಿತ್ತು. ಹಾಗೇ ಬಿಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನದಲ್ಲಿ ಪ್ರಾಣವೇ ಹೋಗುತ್ತದೆ. ಡಾಕ್ಟರು ಹೊಟ್ಟೆ ಮುಟ್ಟಿ, ಗಟ್ಟಿಯಾಗಿದ್ದ ಚೀಲವನ್ನು ಅಕ್ಕನ ಬೆರಳಿಗೂ ತೋರಿಸಿದರಂತೆ, "ನಿಂಬೆಹಣ್ಣಿನಷ್ಟಿತ್ತು ಕಣೋ" ಅಂದಳು. ಅರಿವಳಿಕೆ ಕೊಟ್ಟು, ನಾಳ ಹಾಕಿ, ಡ್ರಿಪ್ ಇಟ್ಟು ಉಳಿಸಿಕೊಂಡರು.

ಹಾಸಿಗೆ ಒದ್ದೆ ಮಾಡಿದ್ದು ಈ ಒಳ್ಳೆಯ ಮಗನೇ. ಟ್ರೇಯಲ್ಲಿ ಕೂತಾಗಲೆಲ್ಲ ಉರಿ, ಆದ್ದರಿಂದ ಉರಿಗೆ ಟ್ರೇಯೇ ಕಾರಣ ಎಂದು ಅವನ ತೀರ್ಮಾನ. ಮೆತ್ತಗಿನ ಜಾಗ ಹುಡುಕಿಕೊಂಡಿದ್ದ.

*

ನನ್ನ ತಲೆ ತಿಂದದ್ದು ಮುಂದಿನ ಮಾತು. ಬೆಕ್ಕುಗಳ ಮೂತ್ರಚೀಲದ ಉರಿಯೂತದಲ್ಲಿ ಎಷ್ಟೋ ಸಲ ಸೋಂಕೂ ಸಿಗುವುದಿಲ್ಲ, ಕಲ್ಲೂ ಸಿಗುವುದಿಲ್ಲ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಟೋನಿ ಬಫಿಂಗ್‌ಟನ್ ಇದರ ಬೆನ್ನು ಹತ್ತಿ, ಕಾಯಿಲೆ ಇರುವುದು ಚೀಲವೊಂದರಲ್ಲೇ ಅಲ್ಲ, ಬೆಕ್ಕು ಬದುಕುತ್ತಿರುವ ಇಡೀ ಪರಿಸ್ಥಿತಿಯಲ್ಲಿ ಎಂದು ವಾದಿಸಿದರು. 'ಪಾಂಡೋರಾ ಸಿಂಡ್ರೋಮ್' ಅವರಿಟ್ಟ ಹೆಸರು. ಬಚ್ಚಿಟ್ಟುಕೊಳ್ಳುವ ಜಾಗ, ಎತ್ತರದ ಜಾಗ, ತನ್ನದೇ ಬಟ್ಟಲು, ಹೊತ್ತಿಗೆ ಸರಿಯಾದ ಊಟ, ಆಟ ಇಷ್ಟನ್ನು ಒದಗಿಸಿದರೆ ಅನೇಕ ಬೆಕ್ಕುಗಳಲ್ಲಿ ತೊಂದರೆ ಮರುಕಳಿಸುವುದು ತಗ್ಗುತ್ತದೆ.

ಹಾಗಾದರೆ ಬಾಗಿಲಲ್ಲಿ ಕೂತ ಸಾಹುಕಾರನಿಗೂ ಬೋರನ ಮೂತ್ರಚೀಲಕ್ಕೂ ನಂಟಿದೆಯೇ? ಡಾಕ್ಟರು "ಇರಬಹುದು" ಅಂದರು. ಭಾವ "ನಾನು ಮೊದಲೇ ಹೇಳಿರಲಿಲ್ವಾ?" ಅಂದರು. ಅವರು ಹೇಳಿದ್ದು ಇದನ್ನಲ್ಲ.

*

ಬೋರ ಆಸ್ಪತ್ರೆಯಿಂದ ಬಂದ. ಬುಟ್ಟಿ ತೆಗೆದದ್ದೇ ತಡ, ಹುಟ್ಟಿದಾಗಿನಿಂದ ಅವನ ಮೇಲೇ ಮಲಗುತ್ತಿದ್ದ ಪುಟ್ಟಿ ಬೆನ್ನು ಬಿಲ್ಲು ಮಾಡಿ ಬುಸ್ಸೆಂದಳು. ಸಾಹುಕಾರ ಏನೂ ಅನ್ನಲಿಲ್ಲ!

ಸ್ಪಿರಿಟ್, ಔಷಧಿ, ಬೇರೆ ಪ್ರಾಣಿಗಳ ವಾಸನೆ ಮೈಗೆ ಹತ್ತಿದರೆ ಬೆಕ್ಕಿನ ಪಾಲಿಗೆ ಆತ ಬೋರನ ಮುಖ ಹೊತ್ತ ಯಾರೋ. ಎದುರಿಗಿರುವ ಮುಖಕ್ಕಿಂತ ಮೂಗಿನ ಸಾಕ್ಷಿಯೇ ಮೇಲು. ಅವನನ್ನು ಬೇರೆ ಕೋಣೆಯಲ್ಲಿಟ್ಟು, ಪುಟ್ಟಿ ಮಲಗಿದ ಟವಲಿನಿಂದ ಅವನನ್ನೂ ಅವನ ಟವಲಿನಿಂದ ಅವಳನ್ನೂ ಒರೆಸಿ, ಬಾಗಿಲಿನ ಆಚೆಗೊಂದು ಈಚೆಗೊಂದು ತಟ್ಟೆ ಇಟ್ಟು ಉಣಿಸಿ, ಅಂತೂ ಮತ್ತೆ ಅಕ್ಕ-ತಮ್ಮ ಮಾಡಿದ್ದಾಯಿತು. ಹೊಸ ಬೆಕ್ಕು ತಂದಾಗ ಮಾಡುವ ಕ್ರಮವೂ ಇದೇ. ಅವಸರ ಮಾಡಿದರೆ ಮೊದಲಿಂದ ಶುರು.

*

ಬೋರ ಗುಣವಾದ. ಹಾಸಿಗೆ ಮತ್ತೆ ಒದ್ದೆ.

ಈ ಸಲ ಡಾಕ್ಟರು ಕಣ್ಣಿನ ಪರೀಕ್ಷೆಗೆ ಬಳಸುವ ಫ್ಲೋರೆಸೀನ್ ಬಣ್ಣವನ್ನು ಅಳತೆಯಲ್ಲಿ ಕೊಟ್ಟರು. ಒಂದು ದಿನಕ್ಕೆ ಒಂದೇ ಬೆಕ್ಕಿಗೆ. ಅದನ್ನು ತಿಂದ ಬೆಕ್ಕಿನ ಉಚ್ಚೆ ಅತಿನೇರಳೆ ದೀಪದಡಿ ಹಸಿರಾಗಿ ಹೊಳೆಯುತ್ತದೆ. ಮಲದ ಸಮಸ್ಯೆಗೆ ಇನ್ನೂ ಸುಲಭದ ಉಪಾಯವಿದೆಯಂತೆ: ಮಕ್ಕಳ ವಿಷರಹಿತ ಕ್ರೆಯಾನನ್ನು ಸಣ್ಣಗೆ ತುರಿದು ಒಂದೊಂದು ಬೆಕ್ಕಿನ ಊಟಕ್ಕೆ ಒಂದೊಂದು ಬಣ್ಣ ಬೆರೆಸುವುದು, ಟ್ರೇಯಲ್ಲಿ ಬಣ್ಣ ನೋಡಿ ಹೆಸರು ಬರೆದುಕೊಳ್ಳುವುದು. ನಗಬೇಡಿ; ಐದು ಬೆಕ್ಕಿನ ಮನೆಯಲ್ಲಿ ಯಾರಿಗೆ ಭೇದಿಯಾಗುತ್ತಿದೆ ಎಂದು ತಿಳಿಯಲು ಬೇರೆ ದಾರಿ ಕಡಿಮೆ.

ಭಾವ ಲೈಟ್ ಆರಿಸಿ, ನೋಟು ಪರೀಕ್ಷಿಸುವ ಸಣ್ಣ ದೀಪ ಹಿಡಿದು ಮಂಚದ ಮೇಲೆ ಬಗ್ಗಿದರು. ಹಸಿರು. ಆವತ್ತು ಬಣ್ಣ ತಿಂದದ್ದು ಮಿಣಿ.

ಅಂದರೆ ಅಕ್ಕನ ಊಹೆಯೂ ಸುಳ್ಳಲ್ಲ, ಆದರೆ ಬುದ್ಧಿ ಬಾರದ್ದು ಕಾರಣವಲ್ಲ. ಬಾಗಿಲಲ್ಲಿ ಕೂತವನನ್ನು ದಾಟಲಾಗದ್ದು ಕಾರಣ. ನಾವೆಲ್ಲ ಒಬ್ಬ ಕಳ್ಳನನ್ನು ಹುಡುಕುತ್ತಿದ್ದೆವು. ಇದ್ದದ್ದು ಇಬ್ಬರು, ಒಬ್ಬನಿಗೆ ರೋಗ, ಇನ್ನೊಬ್ಬಳಿಗೆ ದಾರಿ ಇಲ್ಲ.

ಬೆಡ್‌ರೂಮಿನ ಮೂಲೆಯಲ್ಲೊಂದು, ಮಹಡಿ ಮೆಟ್ಟಿಲ ಕೆಳಗೊಂದು ಟ್ರೇ ಬಂತು. ಹಾಸಿಗೆ ಒಣಗಿದೆ. ಭಾವ ನಾಲ್ಕಕ್ಕೆ ರಾಜಿಯಾಗಿದ್ದಾರೆ.

*

ಫಿನಾಯಿಲ್ ಬಂದ್. ಈ ಮನೆಯಲ್ಲಿ ಅದೊಂದು ಕ್ರಾಂತಿ. ಭಾವನಿಗೆ ಆ ವಾಸನೆ ಇಲ್ಲದ ನೆಲ ಒರೆಸಿದ ಹಾಗೇ ಅಲ್ಲ. ನಮ್ಮ ಯಕೃತ್ತು ಎಷ್ಟೋ ವಿಷಗಳಿಗೆ ಗ್ಲುಕುರಾನಿಕ್ ಆಮ್ಲ ಅಂಟಿಸಿ ಹೊರಗೆ ಸಾಗಿಸುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಕೆಲಸದ ಕಿಣ್ವ ತೀರಾ ಕೊರತೆ. ಬೆಕ್ಕು ಫಿನಾಯಿಲ್ ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಅದರಲ್ಲಿನ ಫೀನಾಲ್ ಹೊಟ್ಟೆಗೆ. ಪ್ಯಾರಾಸಿಟಮಾಲ್ ಕೊಲ್ಲುವುದೂ ಇದೇ ದಾರಿಯಲ್ಲಿ: ಜ್ವರಕ್ಕೆ ನಾವು ನುಂಗುವ 650 ಮಿಲಿಗ್ರಾಂನ ಒಂದು ಮಾತ್ರೆ ನಾಲ್ಕು ಕೆಜಿಯ ಬೆಕ್ಕಿನ ಪ್ರಾಣಕ್ಕೆ ಸಾಕು. ಬೆಕ್ಕಿಗೆ ಮೈ ಬೆಚ್ಚಗಿದೆ ಎಂದು ಕಾಲು ಮಾತ್ರೆ ಅರೆದು ಹಾಕುವ ಪ್ರೀತಿಯವರು ಇದ್ದಾರೆ, ಅದಕ್ಕೇ ಬರೆದಿಟ್ಟೆ.

*

ಸಾಹುಕಾರ ಮೈಸೂರುಪಾಕು ನೆಕ್ಕಿದ. "ಸಿಹಿ ಇಷ್ಟ ಇವನಿಗೆ" ಎಂದಳು ಅಕ್ಕ. ಬೆಕ್ಕಿಗೆ ಸಿಹಿ ತಿಳಿಯುವುದೇ ಇಲ್ಲ. ಅದನ್ನು ಗ್ರಹಿಸುವ ಜೀನ್ ಕೆಟ್ಟುಹೋಗಿದೆ ಎಂದು ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದವರು 2005ರಲ್ಲಿ ತೋರಿಸಿದರು. ಅವನು ನೆಕ್ಕಿದ್ದು ತುಪ್ಪ.

*

ಭಾವನ ತಾಯಿಯ ಕಾಲದಲ್ಲಿ ಬೆಕ್ಕಿಗೆ ಮೊಸರನ್ನವೇ. "ಹದಿನಾಲ್ಕು ವರ್ಷ ಬದುಕಿತ್ತು, ಯಾವ ಪ್ಯಾಕೆಟ್ಟೂ ಇರಲಿಲ್ಲ" ಎಂದು ಭಾವ ಈಗಲೂ ಹೇಳುತ್ತಾರೆ. ಬೆಕ್ಕಿಗೆ ಟೌರಿನ್ ಬೇಕು, ಅದು ಮಾಂಸದಲ್ಲಿದೆ, ಅನ್ನದಲ್ಲಿಲ್ಲ, ಮೊಸರಿನಲ್ಲಿ ಇರುವುದು ಏತಕ್ಕೂ ಸಾಲದು. ಕೊರತೆಯಾದರೆ ಕಣ್ಣು ಕುರುಡಾಗುತ್ತದೆ ಎಂದು 1975ರಲ್ಲಿ ಗೊತ್ತಾಯಿತು. ಹೃದಯ ಹಿಗ್ಗಿ ಸೋಲುತ್ತದೆ ಎಂದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಯನ್ ಮತ್ತು ಸಂಗಡಿಗರು 1987ರಲ್ಲಿ ಕಂಡುಕೊಂಡರು. ಆಮೇಲೆಯೇ ಪ್ಯಾಕೆಟ್ ಆಹಾರಗಳಲ್ಲಿ ಅದರ ಪ್ರಮಾಣ ಏರಿದ್ದು.

ಹಾಗಾದರೆ ಆ ಹಳೆಯ ಬೆಕ್ಕು ಬದುಕಿದ್ದು ಹೇಗೆ? ಮೊಸರನ್ನ ತಿಂದು ಹಿತ್ತಲಿಗೆ ಹೋಗುತ್ತಿತ್ತಲ್ಲ. ಅದನ್ನು ಸಾಕಿದ್ದು ಅರ್ಧ ಅತ್ತೆಯವರು, ಅರ್ಧ ಇಲಿಗಳು. ಬಾಗಿಲು ಹಾಕಿದ ಈ ಮನೆಯ ಐದಕ್ಕೆ ಆ ಹಿತ್ತಲಿಲ್ಲ. ಈಗ ಮೀನಿನ ಪ್ಯಾಕೆಟ್ಟುಗಳು ಅಡುಗೆಮನೆಯ ಹೊರಗೆ ಬೇರೆ ಡಬ್ಬದಲ್ಲಿವೆ. ಚಮಚವೂ ಬೇರೆ.

*

ಅಜ್ಜಿ ಸಂಜೆ ಕಿಟಕಿಯಲ್ಲಿ ಕೂತಿರುವಾಗ ಕಾಂಪೌಂಡ್ ಮೇಲೆ ಬೀದಿಯ ಗಡವ ಬರುತ್ತಾನೆ. ಅಜ್ಜಿಗೆ ಗಾಜಿನಾಚೆ ಹೋಗಲಾಗದು. ಆ ಹೊತ್ತಿಗೆ ಹಿಂದಿನಿಂದ ಹಾದುಹೋದ ಪುಟ್ಟಿಗೆ ಏಟು ಬೀಳುತ್ತದೆ. ಭಾವ ಇದಕ್ಕೆ ದಾಯಾದಿ ಮತ್ಸರದ ಕಥೆ ಕಟ್ಟಿದ್ದರು. ಗಾಜಿನ ಕೆಳಭಾಗಕ್ಕೆ ಮಸುಕು ಹಾಳೆ ಅಂಟಿಸಿದ ಮೇಲೆ ಮತ್ಸರ ನಿಂತಿತು.

*

ಅಕ್ಕ ಹಸುಗೂಸಿನ ತಕ್ಕಡಿ ತರಿಸಿದ್ದಾಳೆ. ಭಾನುವಾರ ಎಲ್ಲರ ತೂಕ, ಗೋಡೆಯ ಕ್ಯಾಲೆಂಡರಿನಲ್ಲಿ. ಅಜ್ಜಿ 3.2 ಕೆಜಿಯಿಂದ 2.8ಕ್ಕೆ ಇಳಿದದ್ದು ಹಾಗೆ ಗೊತ್ತಾಯಿತು. ಕೂದಲಿನಡಿ ಕಣ್ಣಿಗೆ ಏನೂ ಕಂಡಿರಲಿಲ್ಲ. ಬೆಕ್ಕು ನೋವು ಮುಚ್ಚಿಡುವ ಪ್ರಾಣಿ. ಅದರ ಮೇಲೆ ಐದು ಒಂದೇ ಕಡೆ ಇದ್ದರೆ ಬಟ್ಟಲಿನ ನೀರು ಬೇಗ ಖಾಲಿಯಾದದ್ದು, ಊಟ ಮಿಕ್ಕಿದ್ದು, ಮೂಲೆಯಲ್ಲಿ ಕಕ್ಕಿದ್ದು ಎಲ್ಲಾ ಜಂಟಿ ಖಾತೆಗೆ ಬೀಳುತ್ತವೆ. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡದ ತೊಂದರೆ ಕಂಡಿತು. ಮುದಿ ಬೆಕ್ಕುಗಳಲ್ಲಿ ಸಾಮಾನ್ಯ. ಕ್ರಿಯೇಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಬಹುಪಾಲು ಕೆಲಸ ನಿಂತಿರುತ್ತದೆ. ರಂಜಕ ಕಡಿಮೆ ಇರುವ ಊಟ, ಹೆಚ್ಚು ನೀರು, ಇದರಲ್ಲಿ ಇನ್ನೂ ಒಳ್ಳೆಯ ಕಾಲ ಕಳೆಯಬಹುದು ಎಂದರು ಡಾಕ್ಟರು.

ಈಗ ಹೊಸ ತಲೆನೋವು. ಅಜ್ಜಿಗೆ ಕಿಡ್ನಿ ಊಟ, ಮಿಣಿಗೆ ಮರಿಗಳ ಊಟ, ಬೋರನಿಗೆ ಮೂತ್ರದ ಹರಳು ತಡೆಯುವ ಊಟ, ಸಾಹುಕಾರನಿಗೆ ಕಡಿಮೆ ಊಟ. ನಾಲ್ವರಿಗೂ ಬೇಕಿರುವುದು ಇನ್ನೊಬ್ಬರ ತಟ್ಟೆ. ಊಟದ ಹೊತ್ತಿಗೆ ಒಬ್ಬೊಬ್ಬರನ್ನು ಒಂದೊಂದು ಕಡೆ ಕೂಡಿ, ಅರ್ಧ ಗಂಟೆಯಾದ ಮೇಲೆ ತಟ್ಟೆ ಎತ್ತುವುದು ಅಕ್ಕನ ವ್ಯವಸ್ಥೆ. ನಡೆಯುತ್ತಿದೆ, ಸ್ಟೋರ್ ರೂಮಿನ ಬಾಗಿಲೊಂದನ್ನು ಬಿಟ್ಟು. ಅದರ ಚಿಲಕ ಸಡಿಲವೆಂದು ಸಾಹುಕಾರ ಹೇಗೆ ಕಂಡುಹಿಡಿದನೋ, ಅಜ್ಜಿಯನ್ನು ಅಲ್ಲಿ ಬಿಟ್ಟ ದಿನವೇ ಭುಜ ಕೊಟ್ಟು ತಳ್ಳುತ್ತಾನೆ, ಬೇರೆಯವರನ್ನು ಬಿಟ್ಟ ದಿನ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಭಾವ ದೇವರಾಜ ಅರಸು ರಸ್ತೆಯಿಂದ ಹೊಸ ಚಿಲಕ ತಂದಿದ್ದಾರೆ. ಒಳ್ಳೆಯ ಹಿತ್ತಾಳೆಯದು, ಬಾಗಿಲಿನ ಒಳಗಡೆಗೆ ಕೂಡಿಸುವಂಥದ್ದು. "ಒಳಗಿನಿಂದ ಯಾರ್ರೀ ಹಾಕೋದು, ಅಜ್ಜೀನಾ?" ಎಂದು ಅಕ್ಕ ಕೇಳುತ್ತಿದ್ದಾಳೆ. ಬಿಲ್ಲು ಹುಡುಕುತ್ತಿದ್ದಾರೆ.